ರೇಡಿಯಲ್ ಹೆಚ್ಚು ಹಾಸಿದ್ರ ಎಸ್‌ಡಬ್ಲ್ಯೂಆರ್ ಏರ್ತದ, ಯಾಕ? (ಪೋರ್ಟಬಲ್ ವರ್ಟಿಕಲ್, 20 ಮತ್ತು 40 ಮೀಟರ್)

ತೊಗರಿಹೊಲ (ಕಲಬುರಗಿ):

ನಮಸ್ಕಾರ್ರಿ ಎಲ್ಲರಿಗೂ. ಹ್ಯಾಮ್ ರೇಡಿಯೋಕ್ಕ ಹೊಲದಾಗ ವರ್ಟಿಕಲ್, ಅಂದ್ರ ನೆಟ್ಟಗ ನಿಲ್ಲೋ ಆಂಟೆನಾ ಇಡ್ತೀನಿ. 5.6 ಮೀಟರಿನ ಸ್ಟೀಲ್ ಟೆಲಿಸ್ಕೋಪಿಕ್ ವಿಪ್ (ಎಳೆದು ಉದ್ದ ಮಾಡೋ ಕಡ್ಡಿ) ಅದ, ಬುಡಕ್ಕ ನೆಲಕ್ಕ ಹೊಡಿಯೋ ಗೂಟ. 20 ಮೀಟರ್ ಬ್ಯಾಂಡಿಗೆ ವಿಪ್ 5 ಮೀಟರಿಗೆ ಎಳೆದು, 5 ಮೀಟರಿನ 4 ರೇಡಿಯಲ್ (ಬುಡದಿಂದ ಸುತ್ತ ಹರಡೋ ವೈರ್) ಎರಿ ಹೊಲದಾಗ ಹಾಸಿದ್ರ 14.150 ಮೆಗಾಹರ್ಟ್ಸಿಗೆ ಎಸ್‌ಡಬ್ಲ್ಯೂಆರ್ (ಆಂಟೆನಾ ಕೇಬಲ್ಲಿನ 50 ಓಮಿಗೆ ಎಷ್ಟ್ ಹೊಂದ್ತದ ಅನ್ನೋ ಅಳತಿ, 1 ಅಂದ್ರ ಪೂರ್ತಿ ಹೊಂದಿಕಿ) 1.1 ತೋರಸ್ತದ. ಇನ್ನ 12 ರೇಡಿಯಲ್ ಸೇರಿಸಿದ್ರ 1.3 ಆಗ್ತದ. ತೆಗೆದ್ರ ಮತ್ತ 1.1. ಹಂಗಾದ್ರ ನಾಕೇ ಸಾಕೇನು?

ಇದೇ ಸೆಟ್ ಬೀದರ್ ಕಡಿ ಕೆಂಪು ಮುರುಮಿನ ಮ್ಯಾಲ ಅವೇ ನಾಕ್ ರೇಡಿಯಲ್ ಹಚ್ಚಿ ಇಟ್ರ 1.5 ಬರ್ತದ. ವಿಪ್ ಉದ್ದ ಎಷ್ಟ್ ತಿದ್ದಿದ್ರೂ ಅದರ ಕೆಳಗ ಇಳಿಯಂಗಿಲ್ಲ. 40 ಮೀಟರಿಗೆ ಬುಡದಾಗ ಕಾಯಿಲ್ ಹಾಕಿದ್ರ ಇನ್ನೊಂದು ತೊಂದ್ರಿ: ಕೋಆಕ್ಸ್ ಕೇಬಲ್ ಕೈಲೆ ಹಿಡಿದ್ರ ಸಾಕು, ಎಸ್‌ಡಬ್ಲ್ಯೂಆರ್ ಬದಲಾಗ್ತದ. ನ್ಯಾನೋವಿಎನ್ಎ (ಆಂಟೆನಾ ಅಳೆಯೋ ಸಣ್ಣ ಯಂತ್ರ) ಅದ. ಯಾವುದರಿಂದ ಸುರು ಮಾಡ್ಬೇಕು?

ಬಿಸಿಲೂರು (ಕಲಬುರಗಿ):

ನಾಕಕ್ಕ ನಿಲ್ಲಸಬ್ಯಾಡ್ರಿ. ಎಸ್‌ಡಬ್ಲ್ಯೂಆರ್ ಏರಿದ್ದೇ ಆಂಟೆನಾ ಸುಧಾರಿಸಿದ ಗುರುತು.

ಲೆಕ್ಕ ಹಿಂಗದ. ನಷ್ಟ ಇಲ್ಲದ ನೆಲದ ಮ್ಯಾಲ ಕಾಲುತರಂಗದ (ತರಂಗದ ಉದ್ದದ ಕಾಲು ಪಾಲಿನ) ವರ್ಟಿಕಲ್ ಸುಮಾರು 36 ಓಮ್ ತೋರಸ್ತದ. ಮೀಟರ್ ಕಾಣೋದು ಆ 36 ಮತ್ತು ಮಣ್ಣಿನ ನಷ್ಟದ ಓಮ್ ಎರಡೂ ಕೂಡಿದ್ದು. ನಾಕ್ ರೇಡಿಯಲ್ ಇದ್ದಾಗ ಒಟ್ಟು 50ರ ಹತ್ರ ಬಂದದ, ಅಂದ್ರ 14 ಓಮ್ ಮಣ್ಣಿನ ಪಾಲು. 36ನ್ನ 50ರಿಂದ ಭಾಗಿಸಿದ್ರ 72 ಶೇಕಡಾ ಪವರ್ ಗಾಳಿಗೆ, ಉಳಿದಿದ್ದೆಲ್ಲ ಹೊಲ ಕಾಯಿಸ್ಲಾಕ ಹೋಗ್ತದ. ಹದಿನಾರು ರೇಡಿಯಲ್ ಇದ್ದಾಗ 1.3 ಅಂದ್ರ ಒಟ್ಟು 38 ಓಮ್ ಸುತ್ತಮುತ್ತ, ನಷ್ಟ ಎರಡು ಮೂರು ಓಮಿಗೆ ಇಳಿದದ. ಗಳಿಕೆ ಸುಮಾರು 1 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತಿ). 20 ಮೀಟರಿನಾಗ ಇದು ಸಣ್ಣ ಮಾತು ಅನ್ನಿಸಬಹುದು, 40ರಾಗ ಇದೇ ನಷ್ಟ ಆಂಟೆನಾನ ನುಂಗಿ ಹಾಕ್ತದ.

ಅದಕ್ಕ ನ್ಯಾನೋವಿಎನ್ಎದಾಗ ಎಸ್‌ಡಬ್ಲ್ಯೂಆರ್ ಗೆರಿ ಬಿಟ್ಟು ಸ್ಮಿತ್ ಚಾರ್ಟ್ ಅನ್ನೋ ದುಂಡು ನಕ್ಷಾಕ್ಕ ಹೋಗ್ರಿ, ಮಾರ್ಕರ್ ಇಟ್ಟು ಆರ್ (ರೆಸಿಸ್ಟನ್ಸ್) ಮತ್ತು ಎಕ್ಸ್ (ರಿಯಾಕ್ಟನ್ಸ್, ಉದ್ದ ಸರಿ ಇದ್ರ ಸೊನ್ನಿ) ಎರಡೂ ಓದ್ರಿ. ಎಕ್ಸ್ ಮೈನಸ್ ಇದ್ರ ವಿಪ್ ಗಿಡ್ಡ ಆಗ್ಯದ, ಎಳೀರಿ. ಪ್ಲಸ್ ಇದ್ರ ಉದ್ದ ಆಗ್ಯದ, ಇಳಿಸ್ರಿ. ಎಕ್ಸ್ ಸೊನ್ನಿಗೆ ಬಂದ ಮ್ಯಾಲ ಆರ್ ನೋಡ್ರಿ. ಎರಡೆರಡು ರೇಡಿಯಲ್ ಸೇರಿಸ್ತಾ ಹೋಗಿ, ಆರ್ ಇಳಿಯೋದು ನಿಂತ್ರ ನೀವೂ ನಿಲ್ಲಸ್ರಿ. ರೇಡಿಯಲ್ ಸೇರಿಸಿದಾಗ ರೆಸೊನನ್ಸ್ (ಎಕ್ಸ್ ಸೊನ್ನಿ ಆಗೋ ಜಾಗ) ಕೂಡ ಸ್ವಲ್ಪ ಸರೀತದ, ಪ್ರತಿ ಸಲ ವಿಪ್ ತಿದ್ದಬೇಕು.

ನೆಲದ ಮ್ಯಾಲ ಮಲಗಿದ ರೇಡಿಯಲ್ ಕರೆಕ್ಟ್ ಕಾಲುತರಂಗ ಇರ್ಬೇಕಂತಿಲ್ಲ, ಮಣ್ಣು ಹೆಂಗೂ ಅದರ ಟ್ಯೂನಿಂಗ್ ಕೆಡಸ್ತದ. ಸಂಖ್ಯಾ ಮುಖ್ಯ. ಮನಿ ವೈರಿಂಗಿನ 0.75 ಚದರ ಮಿಮೀ ವೈರಿನ 90 ಮೀಟರ್ ಸುರುಳಿ ಒಂದ್ ತಂದ್ರ 5 ಮೀಟರಿನ 16 ತುಂಡು ಆಗಿ ಇನ್ನ 10 ಮೀಟರ್ ಉಳೀತದ. ಕೆಂಪು ಇಲ್ಲಾ ಹಳದಿ ತಗೋರಿ. ಬ್ಯಾಸಿಗಿದಾಗ ಎರಿ ನೆಲ ಬಾಯಿ ಬಿಟ್ಟಿರ್ತದ, ಕಪ್ಪು ವೈರ್ ಬಿರುಕಿನಾಗ ಇಳಿದ್ರ ಕಾಣಂಗೇ ಇಲ್ಲ. ಗೂಟ ಒಂದೇ ಹೊಡೆದು ಅರ್ಥ್ ಆಯ್ತು ಅನಬ್ಯಾಡ್ರಿ, ಆರ್‌ಎಫ್‌ಗೆ ಅದು ಬರೇ ನಿಲ್ಲಸೋ ಕಂಬ.

ಕೋಟೆಬದಿ (ಬೀದರ್):

ಬೀದರಿನ 1.5 ಬಗ್ಗೆ. 1.5 ಅಂದರೆ 33 ಓಮ್ ಇರಬಹುದು, 75 ಓಮ್ ಕೂಡ ಇರಬಹುದು. ಎಸ್‌ಡಬ್ಲ್ಯೂಆರ್ ಒಂದರಿಂದಲೇ ಅದು ಗೊತ್ತಾಗುವುದಿಲ್ಲ. ನಾಲ್ಕೇ ರೇಡಿಯಲ್, ಅದೂ ಒಣ ಮುರುಮಿನ ಮೇಲೆ, ಹಾಗಾಗಿ ಇದು 75 ಕಡೆಯದೇ. ಹಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಪವರ್ ನೆಲಕ್ಕೆ ಹೋಗುತ್ತಿದೆ. ಎರೆಮಣ್ಣು ತೇವ ಹಿಡಿದುಕೊಳ್ಳುತ್ತದೆ, ಜಂಬಿಟ್ಟಿಗೆ ನೆಲದಲ್ಲಿ ನೀರು ಬಸಿದು ಹೋಗುತ್ತದೆ.

ಇಲ್ಲಿ ಹಾಸುವುದಕ್ಕಿಂತ ಎತ್ತುವುದು ಒಳ್ಳೆಯದು. ವಿಪ್ಪಿನ ಬುಡವನ್ನು ನೆಲದಿಂದ ಒಂದೂವರೆ ಮೀಟರಿಗೆ ಏರಿಸಿ, ನಾಲ್ಕು ರೇಡಿಯಲ್ ನಾಲ್ಕು ದಿಕ್ಕಿಗೆ ಎಳೆಯಿರಿ, ತುದಿಗಳೂ ನೆಲದಿಂದ ಒಂದು ಮೀಟರ್ ಮೇಲಿರಲಿ. ಈಗ ಮಾತ್ರ ಉದ್ದ ಸರಿಯಾಗಿರಬೇಕು. 71.5ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ: 14.150ಕ್ಕೆ 5.05 ಮೀಟರ್. ಪ್ಲಾಸ್ಟಿಕ್ ಹೊದಿಕೆಯ ವೈರ್ ಆದ್ದರಿಂದ 4.9ರ ಹತ್ತಿರ ಬರುತ್ತದೆ. 5.1ಕ್ಕೆ ಕತ್ತರಿಸಿ ನಾಲ್ಕನ್ನೂ ಸಮನಾಗಿ ಮಡಚುತ್ತ ಬನ್ನಿ. ತುದಿಗೆ ನೈಲಾನ್ ಹಗ್ಗ ಕಟ್ಟಿ, ಬರಿ ತಾಮ್ರ ಹೊರಗೆ ಕಾಣಬಾರದು. ಪ್ರಸಾರದ ಹೊತ್ತಿನಲ್ಲಿ ವೋಲ್ಟೇಜ್ ಹೆಚ್ಚಿರುವುದು ಅಲ್ಲೇ, ದನ ಕರು ಮಕ್ಕಳು ಓಡಾಡುವ ಜಾಗವಾದರೆ ಇದು ಬಹಳ ಮುಖ್ಯ.

ಕೇಬಲ್ ಮುಟ್ಟಿದರೆ ಎಸ್‌ಡಬ್ಲ್ಯೂಆರ್ ಬದಲಾಗುವುದು ಯಾಕೆಂದರೆ ಕೋಆಕ್ಸಿನ ಹೊರಜಾಲರಿಯೇ ಇನ್ನೊಂದು ರೇಡಿಯಲ್ ಆಗಿಬಿಟ್ಟಿದೆ. ಎಫ್‌ಟಿ240-43 ಫೆರೈಟ್ ರಿಂಗಿಗೆ ಆರ್‌ಜಿ-58 ಕೇಬಲ್ 12 ಸುತ್ತು ಹಾಕಿ ಚೋಕ್ ಮಾಡಿ, ಫೀಡ್ ಪಾಯಿಂಟಿನಲ್ಲೇ (ಕೇಬಲ್ ಆಂಟೆನಾಕ್ಕೆ ಸೇರುವ ಜಾಗ) ಕೂರಿಸಿ. ರೇಡಿಯೋ ಹತ್ತಿರ ಹಾಕಿದರೆ ಕೇಬಲ್ಲಿನ ಅಷ್ಟೂ ಉದ್ದ ಪ್ರಸಾರ ಮಾಡುತ್ತಲೇ ಇರುತ್ತದೆ. ಚೋಕ್ ಹಾಕಿದ ಮೇಲೆ ಆರ್ ಬೇರೆ ಬರುತ್ತದೆ. ಸರಿಯಾದ ಅಳತೆ ಅದೇ, ಹಿಂದಿನದು ಮರೆತುಬಿಡಿ.

ಮುರುಮಿನಲ್ಲಿ ಗೂಟ ಇಳಿಯುವುದಿಲ್ಲ. ಒಂದು ಹಲಗೆಗೆ ಪೈಪ್ ಹಿಡಿಸಿ, ಕಾರಿನ ಚಕ್ರ ಅದರ ಮೇಲೆ ಹತ್ತಿಸಿ ನಿಲ್ಲಿಸುವುದೇ ಸುಲಭ. ಕೋಟೆಯೊಳಗೆ ಗೂಟ, ಹಗ್ಗ ಯಾವುದೂ ಬೇಡ, ಅದು ಸಂರಕ್ಷಿತ ಸ್ಮಾರಕ. ವಾಯುಪಡೆ ನೆಲೆಯ ಆಸುಪಾಸಿನಲ್ಲೂ ಆಂಟೆನಾ ಎತ್ತಲು ಹೋಗಬೇಡಿ.

ಭೀಮಾದಂಡೆ (ಯಾದಗಿರಿ):

40 ಮೀಟರ್ ಕಾಯಿಲ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

5.6 ಮೀಟರ್ ವಿಪ್ 7.1 ಮೆಗಾಹರ್ಟ್ಸ್‌ಗೆ ಗಿಡ್ಡ. ಬುಡದಲ್ಲಿ ಸುಮಾರು 8 ಮೈಕ್ರೋಹೆನ್ರಿ ಬೇಕು. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ 18 ಗೇಜ್ ಎನಾಮಲ್ ತಾಮ್ರದ ತಂತಿ ಮೂರೂವರೆ ಮೀಟರ್ ಕೇಳಿ. 50 ಮಿಮೀ ಪಿವಿಸಿ ಪೈಪಿನ ಮೇಲೆ 18 ಸುತ್ತು, ಸುತ್ತಿಗೂ ಸುತ್ತಿಗೂ ನಡುವೆ ಒಂದು ತಂತಿಯಷ್ಟು ಜಾಗ ಬಿಡಿ. ತಂತಿಯ ಜೊತೆ ಅದೇ ದಪ್ಪದ ನೈಲಾನ್ ದಾರ ಸುತ್ತಿದರೆ ಅಂತರ ತಾನಾಗಿ ಬರುತ್ತದೆ, ಆಮೇಲೆ ದಾರ ಬಿಚ್ಚಿ ಅಲ್ಲಲ್ಲಿ ಎಪಾಕ್ಸಿ ಹಚ್ಚಿ. 11ನೇ ಸುತ್ತಿನಿಂದ ಮುಂದೆ ಪ್ರತಿ ಸುತ್ತಿನಲ್ಲೂ ಸ್ವಲ್ಪ ಎನಾಮಲ್ ಕೆರೆದು ಮೊಸಳೆ ಕ್ಲಿಪ್ ಕಚ್ಚುವಂತೆ ಮಾಡಿ. 14ನೇ ಸುತ್ತಿನ ಆಚೀಚೆ ಸಿಗುತ್ತದೆ. ಡಿಪ್ (ಎಸ್‌ಡಬ್ಲ್ಯೂಆರ್ ಅತಿ ಕಡಿಮೆ ಇರುವ ಜಾಗ) 7.2ರ ಮೇಲಿದ್ದರೆ ಸುತ್ತು ಹೆಚ್ಚಿಸಿ, 7ರ ಕೆಳಗಿದ್ದರೆ ಕಡಿಮೆ ಮಾಡಿ. ಕೊನೆಯ ತಿದ್ದುಪಡಿ ಮಾತ್ರ ವಿಪ್ಪಿನ ಮೇಲಿನ ತುಂಡಿನಿಂದ.

ಈಗ ಬಿಸಿಲೂರು ಅವರು ಹೇಳಿದ ನಷ್ಟದ ಮಾತು. ಇಷ್ಟು ಗಿಡ್ಡ ವಿಪ್ಪಿನಲ್ಲಿ ನಿಜವಾಗಿ ಪ್ರಸಾರವಾಗುವ ಪಾಲು 36 ಓಮ್ ಅಲ್ಲ, 7-8 ಓಮ್ ಅಷ್ಟೇ. 40 ಮೀಟರಿನಲ್ಲಿ ನಿಮಗೆ ಎಸ್‌ಡಬ್ಲ್ಯೂಆರ್ ಸರಾಗವಾಗಿ 1.1 ಬಂದರೆ ಒಟ್ಟು 50 ಓಮ್, ಅಂದರೆ 100ಕ್ಕೆ 15 ಮಾತ್ರ ಗಾಳಿಗೆ ಹೋಗುತ್ತಿದೆ. ರೇಡಿಯಲ್ ಹಾಸುತ್ತ ಆರ್ 18ಕ್ಕೆ ಇಳಿದರೆ ಅದು 40ರ ಸುತ್ತ ಆಗುತ್ತದೆ. ಸುಮಾರು 4 ಡಿಬಿ ಲಾಭ. ಆದರೆ ಎಸ್‌ಡಬ್ಲ್ಯೂಆರ್ 2.8 ತೋರಿಸುತ್ತದೆ, ನೋಡಿದವರು ಹೆದರಿ ರೇಡಿಯಲ್ ಕಿತ್ತುಬಿಡುತ್ತಾರೆ.

ಅದಕ್ಕೆ ಟ್ಯೂನರ್ ಬೇಕಿಲ್ಲ. 25 ಮಿಮೀ ಪಿವಿಸಿ ಪೈಪಿನ ಮೇಲೆ ಅದೇ ತಂತಿ, ಅದೇ ಅಂತರದಲ್ಲಿ 6 ಸುತ್ತು ಹಾಕಿ, ಒಂದು ತುದಿ ಕೋಆಕ್ಸಿನ ಒಳತಂತಿಗೆ, ಇನ್ನೊಂದು ರೇಡಿಯಲ್ ಕಡೆಗೆ ಜೋಡಿಸಿ. ವಿಪ್ ಸ್ವಲ್ಪ ಗಿಡ್ಡ ಇರಬೇಕು, ಅಂದರೆ ದೊಡ್ಡ ಕಾಯಿಲಿನಲ್ಲಿ ಅರ್ಧದಿಂದ ಮುಕ್ಕಾಲು ಸುತ್ತು ಕಡಿಮೆ ಮಾಡಿ. ಎಸ್‌ಡಬ್ಲ್ಯೂಆರ್ ಇಳಿಯುತ್ತದೆ, ನಷ್ಟ ಹಾಗೇ ಕಡಿಮೆ ಉಳಿಯುತ್ತದೆ. 20 ಮೀಟರಿಗೆ ಹೋಗುವಾಗ ಎರಡೂ ಕಾಯಿಲ್ ತೆಗೆಯಿರಿ.

ಹೊಲದಲ್ಲಿ ಪಂಪ್‌ಸೆಟ್ಟಿಗೆ ಬರುವ 11 ಕೆವಿ ಲೈನಿನಿಂದ ಕನಿಷ್ಠ 12 ಮೀಟರ್ ದೂರ ನಿಲ್ಲಿಸಿ, ವಿಪ್ ಎತ್ತುವಾಗ ವಾಲಿದರೂ ತಾಗಬಾರದು. ಮುಂಗಾರಿಗೆ ಮುಂಚೆ ದೂರದಲ್ಲಿ ಗುಡುಗು ಕೇಳಿಸಿದರೂ ಕೇಬಲ್ ಬಿಚ್ಚಿ ವಿಪ್ ಇಳಿಸಿಬಿಡಿ.

ತೊಗರಿಹೊಲ:

ಭಾಳ ಉಪಕಾರ್ರಿ ಮೂವರಿಗೂ. ಒಂದ್ ಮಾತ್ ಉಳೀತು. ನ್ಯಾನೋವಿಎನ್ಎ 7 ಮೀಟರ್ ಆರ್‌ಜಿ-58 ಕೇಬಲ್ಲಿನ ಈ ತುದಿಗೆ, ರೇಡಿಯೋ ಕಡಿ ಹಚ್ಚಿ ಓದ್ತೀನಿ. ಆರ್ ಸರಿ ಬರ್ತದೇನ್ರಿ?

ಬಿಸಿಲೂರು:

ಬರಂಗಿಲ್ರಿ. ಎಸ್‌ಡಬ್ಲ್ಯೂಆರ್ ಎರಡೂ ತುದಿಗೆ ಹೆಚ್ಚುಕಮ್ಮಿ ಒಂದೇ, ಆದ್ರ ಆರ್ ಮತ್ತು ಎಕ್ಸ್ ಕೇಬಲ್ ಉದ್ದಕ್ಕ ತಕ್ಕಂಗ ಬದಲಾಗ್ತಾವ. 7 ಮೀಟರ್ ಆರ್‌ಜಿ-58 ಅಂದ್ರ 14.150ಕ್ಕ ಅರ್ಧತರಂಗ, ಅದಕ್ಕ 20 ಮೀಟರಿನಾಗ ನಿಮಗ ಹತ್ರ ಹತ್ರ ಖರೇ ಸಂಖ್ಯಾನೇ ಕಾಣಸ್ತದ. ಅದೇ ಕೇಬಲ್ 7.1ಕ್ಕ ಕಾಲುತರಂಗ, ಅಲ್ಲಿ 18 ಓಮ್ ಇದ್ದಿದ್ದು 139 ಅಂತ ತೋರಸ್ತದ. ಓಪನ್, ಶಾರ್ಟ್, 50 ಓಮ್ ಲೋಡ್ ಮೂರನ್ನೂ ಕೇಬಲ್ಲಿನ ಆಂಟೆನಾ ತುದಿಗೆ ಹಚ್ಚಿ ಕ್ಯಾಲಿಬ್ರೇಟ್ ಮಾಡ್ರಿ. ಬ್ಯಾಂಡ್ ಬದಲಿಸಿದಾಗ, ಸ್ವೀಪ್ ಅಗಲ ಬದಲಿಸಿದಾಗ ಮತ್ತ ಮಾಡ್ರಿ. 40ಕ್ಕ 6.8ರಿಂದ 7.4, 20ಕ್ಕ 13.5ರಿಂದ 14.8 ಇಟ್ಕೊಂಡು ಎರಡು ಬೇರೆ ಬೇರೆ ಮೆಮೊರಿಗೆ ಸೇವ್ ಮಾಡಿಟ್ರ ಹೊಲದಾಗ ಬಿಸಿಲಿಗೆ ನಿಂತು ಮತ್ತ ಮತ್ತ ಮಾಡೋದು ತಪ್ತದ.