ಜೂನ್ ಬಂತೆಂದರೆ ನಿದ್ದೆ ದೂರ

ಪ್ರಶ್ನೆ (ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು):
ಡಾಕ್ಟರೇ, ನಮಸ್ಕಾರ. ನಮ್ಮದು ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ ನಲಿ-ಕಲಿ ತರಗತಿಯೂ ನನ್ನದೇ, ಮುಖ್ಯ ಶಿಕ್ಷಕರ ಪ್ರಭಾರವೂ ನನ್ನದೇ. ಶಾಲೆ ಆರಂಭವಾಗಿ ಹತ್ತು ದಿನವಾಯಿತು. ದಾಖಲಾತಿ, ಸ್ಯಾಟ್ಸ್ (ಮಕ್ಕಳ ವಿವರಗಳ ಆನ್‌ಲೈನ್ ದಾಖಲೆ) ನಮೂದು, ಸೇತುಬಂಧ, ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಎಲ್ಲವೂ ಒಮ್ಮೆಗೇ ಬಂದಿವೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ನಿನ್ನೆ ಒಂದನೇ ತರಗತಿಯ ಮಗುವೊಂದು ಅಳು ನಿಲ್ಲಿಸಲಿಲ್ಲವೆಂದು ರೇಗಿಬಿಟ್ಟೆ. ಸಂಜೆ ಬಸ್ಸಿನಲ್ಲಿ ನನಗೇ ಕಣ್ಣೀರು ತಡೆಯಲಾಗಲಿಲ್ಲ. ನಾನು ಈ ಕೆಲಸಕ್ಕೆ ತಕ್ಕವಳಲ್ಲವೇ?

ಉತ್ತರ (ಮನೋವೈದ್ಯ, ದಾವಣಗೆರೆ):
ಮೇಡಂ, ರೇಗಿದ್ದಕ್ಕೆ ಇಷ್ಟು ನೊಂದುಕೊಳ್ಳುವವರು ಈ ಕೆಲಸಕ್ಕೆ ತಕ್ಕವರೇ. ಮೊದಲು ಆ ಮಗುವಿನ ವಿಷಯ. ನಾಳೆ ಅದನ್ನು ಹತ್ತಿರ ಕೂರಿಸಿಕೊಂಡು, ‘ನಿನ್ನೆ ಗದರಿದೆ, ತಪ್ಪಾಯಿತು’ ಎಂದು ಹೇಳಿ. ನಲಿ-ಕಲಿಯಲ್ಲಿ ಮೂರನೇ ತರಗತಿಯ ಮಕ್ಕಳೂ ಜೊತೆಯಲ್ಲೇ ಇರುತ್ತಾರಲ್ಲ, ಅದೇ ಓಣಿಯ ಅಕ್ಕನೊಬ್ಬಳನ್ನು ಪಕ್ಕದಲ್ಲಿ ಕೂರಿಸಿ. ಅಳು ನಿಲ್ಲಿಸುವ ಹೊಣೆ ನಿಮ್ಮೊಬ್ಬರದೇ ಆಗಬೇಕಿಲ್ಲ.

ಮೂರು ಗಂಟೆಗೆ ನಿಮ್ಮನ್ನು ಎಬ್ಬಿಸುತ್ತಿರುವುದು ಮುಗಿಯದ ಕೆಲಸಗಳ ಎಣಿಕೆ. ಮಲಗುವ ಮುನ್ನ ಅವನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿ; ಪ್ರತಿಯೊಂದರ ಎದುರು ಯಾರು ಕೇಳಿದ್ದಾರೆ, ಯಾವ ದಿನಾಂಕಕ್ಕೆ ಕೇಳಿದ್ದಾರೆ ಎಂದು ಬರೆಯಿರಿ. ದಿನಾಂಕ ಗೊತ್ತಿಲ್ಲದಿದ್ದರೆ ಬೆಳಿಗ್ಗೆ ನಿಮ್ಮ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರಿಗೆ ಫೋನ್ ಮಾಡಿ ಕೇಳಿ. ‘ಇಂದೇ’ ಎಂದು ನಾವು ಹೆದರಿದ್ದರಲ್ಲಿ ಎಷ್ಟೋ ಕೆಲಸಗಳಿಗೆ ಇನ್ನೂ ಸಮಯವಿರುತ್ತದೆ.

ಸೇತುಬಂಧವನ್ನು ದಯವಿಟ್ಟು ಹೊರೆಯ ಪಟ್ಟಿಗೆ ಸೇರಿಸಬೇಡಿ. ರಜೆಯಲ್ಲಿ ಮಕ್ಕಳು ಏನು ಮರೆತಿದ್ದಾರೆ ಎಂದು ಸಮಾಧಾನದಿಂದ ನೋಡಲೆಂದೇ ಆ ದಿನಗಳಿರುವುದು. ಶಿಕ್ಷಣ ಹಕ್ಕು ಕಾಯ್ದೆಯು ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಎಂದಾಗ ಪಾಠದ ಸಿದ್ಧತೆಯನ್ನೂ ಅದರೊಳಗೇ ಎಣಿಸಿದೆ. ಸಿದ್ಧತೆಯ ಸಮಯವನ್ನು ನಿದ್ದೆಯಿಂದ ಕಡಿದು ಕೊಡುವುದು ನ್ಯಾಯವಲ್ಲ.

ಮಧ್ಯಾಹ್ನ ಮಕ್ಕಳ ಜೊತೆ ಕುಳಿತೇ ಉಣ್ಣಿ, ಕಡತ ತಿರುವುತ್ತಾ ಅಲ್ಲ. ಬೆಳಗಿನ ಗಂಟೆಗೆ ಮುಂಚೆ ಐದು ನಿಮಿಷ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರನ್ನು ನಿಧಾನವಾಗಿ ಬಿಟ್ಟಾಗ ಎದೆಬಡಿತವೂ ತಗ್ಗುತ್ತದೆ.

ಪ್ರತಿಕ್ರಿಯೆ (ಶಿಕ್ಷಕ, ಹೊಸದುರ್ಗ):
ಮೇಡಂ, ಇಪ್ಪತ್ತು ವರ್ಷ ಸೇವೆಯಾದ ಮೇಲೂ ನನಗೆ ಜೂನ್ ಹೀಗೆಯೇ. ಬಿಸಿಯೂಟದ ಲೆಕ್ಕವನ್ನು ನಿಮ್ಮ ಸಹೋದ್ಯೋಗಿಗೆ ಒಪ್ಪಿಸಿ. ನೀವು ಸಂಜೆ ನೋಡಿ ಸಹಿ ಹಾಕಿದರೆ ಸಾಕು.

ಪ್ರಶ್ನೆ (ಅದೇ ಶಿಕ್ಷಕಿ):
ಕೇಳುತ್ತೇನೆ ಸರ್, ಇಷ್ಟು ದಿನ ಸಂಕೋಚವಿತ್ತು. ಡಾಕ್ಟರೇ, ಮಾತ್ರೆ ಬೇಕಾದೀತೇ? ಆಸ್ಪತ್ರೆಗೆ ಹೋದರೆ ಊರಿನವರು ಏನೆನ್ನುತ್ತಾರೋ ಎಂಬ ಅಳುಕು.

ಉತ್ತರ (ಮನೋವೈದ್ಯ):
ನೀವು ಬರೆದಷ್ಟರಿಂದ ಮಾತ್ರೆಯ ಮಾತು ಈಗಲೇ ಬೇಡವೆನಿಸುತ್ತದೆ. ಎರಡು ವಾರ ದಾಟಿದರೂ ನಿದ್ದೆ, ಹಸಿವು ಮರಳದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ಯೋಚನೆ ಒಮ್ಮೆ ಬಂದರೂ ಅಂದೇ ಹೋಗಿ, ಕಾಯಬೇಡಿ. ಅಳುಕಿದ್ದರೆ ಮನೆಯಿಂದಲೇ 14416ಕ್ಕೆ ಕರೆಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಈ ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಡುವಾಗ ಯಾವ ಕಡತವನ್ನೂ ಮನೆಗೆ ಒಯ್ಯಬೇಡಿ. ಸೋಮವಾರ, ಎಷ್ಟು ಹೊತ್ತು ನಿದ್ದೆ ಬಂತೆಂದು ಇಲ್ಲಿ ಬರೆಯಿರಿ.