ಮೊದಲ ಟ್ರ್ಯಾಕ್ ಡೇಗೆ ಹೊರಟಿದ್ದೇನೆ: ಹಿಂದಿನಿಂದ ವೇಗದ ಕಾರು ಬಂದಾಗ ಹೇಗೆ ನಡೆದುಕೊಳ್ಳಬೇಕು?

ಬೆಣ್ಣೆನಗರಿ ಚಾಲಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಯಾವ ಮಾರ್ಪಾಡನ್ನೂ ಮಾಡಿಸದ ಹಳೆಯ ಪೆಟ್ರೋಲ್ ಸ್ವಿಫ್ಟ್. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಹವ್ಯಾಸಿಗಳಿಗಾಗಿ ಏರ್ಪಡಿಸಿರುವ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೆಸರು ಕೊಟ್ಟಿದ್ದೇನೆ. ಬೆಂಗಳೂರಿನಲ್ಲಿ ಗೋ-ಕಾರ್ಟ್ ಓಡಿಸಿದ್ದನ್ನು ಬಿಟ್ಟರೆ ಟ್ರ್ಯಾಕಿನ ಅನುಭವ ನನಗಿಲ್ಲ.

ಕಾರು ಓಡಿಸುವುದರ ಬಗ್ಗೆ ನನಗೆ ಅಷ್ಟೇನೂ ಅಂಜಿಕೆಯಿಲ್ಲ. ಆದರೆ ಅಲ್ಲಿಗೆ ಬರುವ ಪಳಗಿದ ಚಾಲಕರಿಗೆ ಅಡ್ಡಿಯಾಗುತ್ತೇನೋ ಎಂಬ ಅಳುಕು ಇದೆ. ಹಿಂದಿನಿಂದ ವೇಗವಾಗಿ ಬರುವವರಿಗೆ ತಕ್ಷಣ ಪಕ್ಕಕ್ಕೆ ಸರಿದು ದಾರಿ ಬಿಡಬೇಕೇ ಅಥವಾ ನನ್ನ ಪಾಡಿಗೆ ನಾನು ಹೋಗುತ್ತಿರಬೇಕೇ? ನನ್ನ ಮುಂದಿರುವವರು ದಾರಿ ಬಿಡದಿದ್ದರೆ ಲೈಟ್ ಹೊಡೆಯುವುದು ಸರಿಯೇ? ಇನ್ನೊಂದು ಮಾತು. ಹೊಸಬರ ಗುಂಪಿನಲ್ಲಿ ಸೇರಿದರೆ ನಿಧಾನದ ಕಾರುಗಳ ಹಿಂದೆಯೇ ದಿನ ಕಳೆಯಬೇಕಾಗುತ್ತದೆ, ಆದ್ದರಿಂದ ಅರ್ಜಿಯಲ್ಲಿ ಮಧ್ಯಮ ಗುಂಪು ಎಂದು ಬರೆದುಬಿಡು ಎಂದು ಸ್ನೇಹಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಕೋಟೆನಾಡು, ಚಿತ್ರದುರ್ಗ

ಮೊದಲು ನಿಮ್ಮ ಸ್ನೇಹಿತರ ಸಲಹೆಯನ್ನು ಪಕ್ಕಕ್ಕಿಡಿ. ಹೊಸಬರ ಗುಂಪಿನಲ್ಲಿ ಎಲ್ಲರೂ ಹೊಸಬರು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಒಬ್ಬರಿಂದೊಬ್ಬರು ಅಂತರ ಕಾಯ್ದುಕೊಳ್ಳುತ್ತಾರೆ, ಹಿಂದಿಕ್ಕುವ ನಿಯಮಗಳೂ ಬಿಗಿಯಾಗಿರುತ್ತವೆ. ಮಧ್ಯಮ ಗುಂಪಿನಲ್ಲಿ ನಿಮ್ಮ ಹಿಂದೆ ಬರುವವರು ನಿಮಗೆ ಟ್ರ್ಯಾಕಿನ ರೀತಿನೀತಿ ತಿಳಿದಿದೆ ಎಂದು ನಂಬಿಯೇ ಹತ್ತಿರ ಬರುತ್ತಾರೆ, ಆ ನಂಬಿಕೆ ಸುಳ್ಳಾದರೆ ಏಟು ಬೀಳುವುದು ಇಬ್ಬರ ಕಾರಿಗೂ. ಅಲ್ಲದೆ 3.7 ಕಿ.ಮೀ. ಉದ್ದದ, 12 ತಿರುವುಗಳ ಟ್ರ್ಯಾಕು ಅದು. ಯಾವ ತಿರುವಿನ ನಂತರ ಯಾವುದು ಬರುತ್ತದೆ ಎಂಬುದು ತಲೆಗೆ ಹತ್ತುವುದಕ್ಕೇ ಒಂದು ಸೆಷನ್ (ಒಂದು ಗುಂಪು ಒಮ್ಮೆಗೆ ಟ್ರ್ಯಾಕಿನಲ್ಲಿ ಓಡಿಸುವ ಅವಧಿ) ಬೇಕು. ಅದು ಹತ್ತುವ ಮುನ್ನ ವೇಗದ ವಿಚಾರವೇ ಬೇಡ.

ದಾರಿ ಬಿಡುವ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ತಪ್ಪು ತಿಳಿಯುವುದು ಇಲ್ಲಿಯೇ: ಕನ್ನಡಿಯಲ್ಲಿ ಕಾರು ಕಂಡ ಕೂಡಲೇ ಗಾಬರಿಯಾಗಿ ಪಕ್ಕಕ್ಕೆ ಎಳೆದುಕೊಳ್ಳುವುದು ಸೌಜನ್ಯವಲ್ಲ, ಅದು ಅಪಾಯ. ನೀವು ಇದ್ದ ಸಾಲಿನಲ್ಲೇ ಇರಬೇಕು. ತಿರುವಿನ ನಡುವೆ ಏನನ್ನೂ ಮಾಡಬಾರದು. ತಿರುವು ಮುಗಿದು ಕಾರು ನೇರವಾದ ಮೇಲೆ, ಯಾವ ಬದಿಯಿಂದ ಹೋಗಬೇಕೆಂದು ಕೈಯಿಂದ ಸ್ಪಷ್ಟವಾಗಿ ತೋರಿಸಿ, ಎಕ್ಸಲರೇಟರ್‌ನಿಂದ ಕಾಲನ್ನು ಸ್ವಲ್ಪ ಸಡಿಲಿಸಬೇಕು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮದು ಸ್ವಿಫ್ಟ್, ಹಿಂದಿನವರದ್ದೂ ಸ್ವಿಫ್ಟ್ ಆಗಿದ್ದರೆ ಎರಡೂ ಎಂಜಿನ್‌ಗಳ ಶಕ್ತಿ ಹೆಚ್ಚುಕಡಿಮೆ ಒಂದೇ. ಕೈ ತೋರಿಸಿ, ಕಾಲನ್ನು ಮಾತ್ರ ಒತ್ತಿಯೇ ಹಿಡಿದರೆ ಅವರು ನಿಮ್ಮ ಪಕ್ಕದಲ್ಲೇ ಓಡುತ್ತಾ ಮುಂದಿನ ತಿರುವಿಗೆ ಇಬ್ಬರೂ ಒಟ್ಟಿಗೆ ತಲುಪುತ್ತೀರಿ. ಹವ್ಯಾಸಿಗಳ ದಿನದಲ್ಲಿ ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ.

ಶಕ್ತಿಶಾಲಿ ಕಾರುಗಳವರ ಕಥೆ ಇನ್ನೂ ವಿಚಿತ್ರ. ತಿರುವಿನಲ್ಲಿ ತೆವಳುತ್ತಾರೆ, ನೇರ ದಾರಿ ಸಿಕ್ಕ ಕೂಡಲೇ ದೊಡ್ಡ ಎಂಜಿನ್ ಬಲದಿಂದ ಹಾರಿಹೋಗುತ್ತಾರೆ, ಮುಂದಿನ ತಿರುವಿನಲ್ಲಿ ಮತ್ತೆ ನಿಮ್ಮ ಮೂಗಿನ ಮುಂದೆ ತೆವಳುತ್ತಾರೆ. ನೇರ ದಾರಿಯಲ್ಲಿ ತಾವು ಮುಂದಿರುವುದರಿಂದ ತಾವೇ ವೇಗದವರು ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಅಂಥವರ ಹಿಂದೆ ಸಿಕ್ಕಿಕೊಂಡಾಗ ಲೈಟ್ ಹೊಡೆಯುವುದು, ಹಾರ್ನ್ ಮಾಡುವುದು, ಬಂಪರಿಗೆ ಅಂಟಿಕೊಂಡು ಓಡಿಸುವುದು ಯಾವುದೂ ಸಲ್ಲದು. ಎದುರಿನವರು ಹೊಸಬರಾಗಿದ್ದರೆ ಅವರ ಕಣ್ಣು ರಸ್ತೆ ಬಿಟ್ಟು ಕನ್ನಡಿಗೆ ಅಂಟಿಕೊಳ್ಳುತ್ತದೆ, ಬ್ರೇಕ್ ಒತ್ತಬೇಕಾದ ಜಾಗ ತಪ್ಪಿಹೋಗುತ್ತದೆ. ಇದಕ್ಕೆ ಸುಲಭ ಉಪಾಯವಿದೆ. ಪಿಟ್ ಲೇನ್‌ಗೆ (ಕಾರು ನಿಲ್ಲಿಸಲು ಟ್ರ್ಯಾಕಿನ ಪಕ್ಕದಲ್ಲಿರುವ ದಾರಿಗೆ) ಬನ್ನಿ, ಅಲ್ಲಿನ ವೇಗಮಿತಿಯಲ್ಲಿ ನಿಧಾನವಾಗಿ ಸಾಗಿ, ಹೊರಹೋಗುವ ಬಾಯಲ್ಲಿ ನಿಂತಿರುವ ಮಾರ್ಷಲ್‌ಗೆ (ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವವರಿಗೆ) ನನಗೆ ಸ್ವಲ್ಪ ಜಾಗ ಬೇಕು ಎಂದು ಹೇಳಿ. ಟ್ರ್ಯಾಕಿನಲ್ಲಿ ಖಾಲಿ ಜಾಗ ನೋಡಿ ಅವರು ನಿಮ್ಮನ್ನು ಬಿಡುತ್ತಾರೆ. ಅರ್ಧ ಲ್ಯಾಪ್ (ಸುತ್ತು) ಹೋಯಿತೆಂದು ಕೊರಗುವವರು ಉಂಟು. ಅಲ್ಲಿ ಯಾರೂ ಬಹುಮಾನ ಹಂಚುವುದಿಲ್ಲ, ಸಮಯ ಅಳೆದು ಪಟ್ಟಿ ಹಾಕುವುದೂ ಇಲ್ಲ. ಆದ್ದರಿಂದ ಫೋನಿನಲ್ಲಿ ಲ್ಯಾಪ್ ಟೈಮರ್ ಹಾಕಿಕೊಂಡು ಹೋಗುವ ಚಪಲವನ್ನೂ ಮೊದಲ ದಿನ ಬಿಡಿ.

ಸನ್ನೆಗಳ ಬಗ್ಗೆ ಒಂದು ಎಚ್ಚರಿಕೆ. ಹೆದ್ದಾರಿ 48ರಲ್ಲಿ ಲಾರಿಯವರು ಬಲಗಡೆ ಇಂಡಿಕೇಟರ್ ಹಾಕಿದರೆ "ಬನ್ನಿ, ಮುಂದೆ ಹೋಗಿ" ಎಂದೂ ಆಗಬಹುದು, "ನಾನೇ ಬಲಕ್ಕೆ ಬರುತ್ತಿದ್ದೇನೆ, ತಡೆಯಿರಿ" ಎಂದೂ ಆಗಬಹುದು; ಚಿತ್ರದುರ್ಗದಿಂದ ದಾವಣಗೆರೆಗೆ ಬರುವಷ್ಟರಲ್ಲಿ ಎರಡೂ ಅರ್ಥ ಕಾಣಸಿಗುತ್ತವೆ. ನಾವು ಲಾರಿಯ ಚಕ್ರದ ಓಟ ನೋಡಿ ಊಹಿಸಿ ಅಭ್ಯಾಸವಾದವರು. ಟ್ರ್ಯಾಕಿನಲ್ಲಿ ಊಹೆಗೆ ಜಾಗವಿಲ್ಲ. ಇಂಡಿಕೇಟರ್ ಬಳಸಬೇಕೆಂದು ಆಯೋಜಕರು ಹೇಳಿದರೆ, ಹಾಕಿದ ಬದಿಯಲ್ಲಿ ಹಿಂದಿನವರು ಹೋಗಬೇಕೋ ಅಥವಾ ಆ ಬದಿಯಲ್ಲಿ ನಾನು ಉಳಿಯುತ್ತೇನೆ ಎಂದು ಅರ್ಥವೋ ಎಂಬುದನ್ನು ಬೆಳಗಿನ ಬ್ರೀಫಿಂಗ್‌ನಲ್ಲಿ ಎದ್ದುನಿಂತು ಕೇಳಿ. ದಡ್ಡ ಪ್ರಶ್ನೆ ಎಂದು ಯಾರಾದರೂ ನಕ್ಕರೆ ನಗಲಿ.

ಹದಿಮೂರರ ಸ್ಪ್ಯಾನರ್, ದಾವಣಗೆರೆ

ಮೇಲಿನವರು ನಡವಳಿಕೆಯ ಬಗ್ಗೆ ಹೇಳಿದ್ದಾರೆ. ಗ್ಯಾರೇಜ್ ನಡೆಸುವವನಾಗಿ ನನ್ನ ಅಭಿಪ್ರಾಯವೆಂದರೆ, ಕಾರನ್ನು ಸರಿಯಾದ ಸ್ಥಿತಿಯಲ್ಲಿ ತರುವುದೂ ನಡವಳಿಕೆಯೇ. ನಿಮ್ಮ ಎಂಜಿನ್‌ನಿಂದ ಆಯಿಲ್ ಸೋರಿ ಟ್ರ್ಯಾಕಿನ ಮೇಲೆ ಬಿದ್ದರೆ ಅದನ್ನು ಒರೆಸಿ ಒಣಗಿಸುವವರೆಗೆ ಎಲ್ಲರ ಸೆಷನ್ ನಿಲ್ಲುತ್ತದೆ.

ಮುಖ್ಯವಾದುದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಡಾಟ್ 3, ಡಾಟ್ 4 ಎಂಬುವು ಅದರ ದರ್ಜೆಗಳು. ಮಾನದಂಡದ ಪ್ರಕಾರ ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಊರೊಳಗೆ ಓಡಿಸುವಾಗ ಈ ವ್ಯತ್ಯಾಸ ನಿಮಗೆ ಎಂದೂ ತಿಳಿಯುವುದಿಲ್ಲ. ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ಜೋರಾಗಿ ಬ್ರೇಕ್ ಒತ್ತುತ್ತಾ ಹೋದಾಗ ಹಳೆಯ ಆಯಿಲ್ ಕುದಿದು ಪೈಪಿನಲ್ಲಿ ಗುಳ್ಳೆಗಳಾಗುತ್ತವೆ, ಗುಳ್ಳೆ ಅದುಮಿಕೊಳ್ಳುವುದರಿಂದ ಪೆಡಲ್ ಮೆತ್ತಗೆ ನೆಲದವರೆಗೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಹೊರಡುವ ಮುನ್ನ ಹೊಸ ಡಾಟ್ 4 ಹಾಕಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಸಿ, ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಾಯಿಸಿ. ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತಿದೆ ಎನಿಸಿದ ಲ್ಯಾಪ್‌ನಲ್ಲೇ ಪಿಟ್‌ಗೆ ಬನ್ನಿ. ಇನ್ನೊಂದು ಸುತ್ತು ನೋಡೋಣ ಎನ್ನಬೇಡಿ.

ಒಳಗಿರುವ ಸಡಿಲ ವಸ್ತುಗಳೆಲ್ಲ ಹೊರಗೆ ಬರಬೇಕು: ಸ್ಟೆಪ್ನಿ, ಜಾಕ್, ಫ್ಲೋರ್ ಮ್ಯಾಟ್, ಛತ್ರಿ, ನೀರಿನ ಬಾಟಲಿ. ಸೀಟಿನಡಿಯಿಂದ ಉರುಳಿದ ಬಾಟಲಿ ಬ್ರೇಕ್ ಪೆಡಲಿನ ಹಿಂದೆ ಕೂತರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಭಕ್ತಿಯಿಂದಲೇ ತೆಗೆದು ಬ್ಯಾಗಿನಲ್ಲಿಡಿ. ಎರಡೂ ಬದಿ ಅಂಟುವ ಟೇಪ್ ಬಿಸಿಲಿಗೆ ಮೆತ್ತಗಾಗಿರುತ್ತದೆ. ಸೆಷನ್ ಮುಗಿದು ಕಾರು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಂದಿನ ಬ್ರೇಕ್ ಬಿಸಿ ಆರುವವರೆಗೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಬಿಸಿಯಾದ ಟೈರಿನಲ್ಲಿ ಗಾಳಿಯ ಒತ್ತಡ ಏರುವುದರಿಂದ ಅಲ್ಲಿ ಸ್ವಲ್ಪ ಬಿಡಿಸುತ್ತಾರೆ. ಊರಿಗೆ ಹೊರಡುವ ಮುನ್ನ ಮತ್ತೆ ತುಂಬಿಸಲು ಮರೆಯಬೇಡಿ.

ಹಿರಿಯೂರಿನವ, ಸದ್ಯ ಚೆನ್ನೈ

ನಾನು ಬಿಡುವಿದ್ದಾಗ ಟ್ರ್ಯಾಕಿನಲ್ಲಿ ಸ್ವಯಂಸೇವಕ ಮಾರ್ಷಲ್ ಆಗಿ ನಿಲ್ಲುತ್ತೇನೆ. ತಿರುವಿನ ಬಳಿ ಬಿಸಿಲಲ್ಲಿ ಬಾವುಟ ಹಿಡಿದು ನಿಂತವನ ಕಡೆಯಿಂದ ಎರಡು ಮಾತು.

ಹಳದಿ ಕಂಡರೆ ಮುಂದೆ ಅಪಾಯವಿದೆ, ವೇಗ ಇಳಿಸಿ, ಯಾರನ್ನೂ ಹಿಂದಿಕ್ಕಬೇಡಿ. ಹಳದಿಯ ಮೇಲೆ ಕೆಂಪು ಪಟ್ಟಿಗಳಿದ್ದರೆ ರಸ್ತೆ ಜಾರುತ್ತಿದೆ. ಕೆಂಪು ಬಂದರೆ ಸೆಷನ್ ನಿಂತಿದೆ, ನಿಧಾನವಾಗಿ ಪಿಟ್‌ಗೆ ಬನ್ನಿ. ನೀಲಿ ಎಂದರೆ ನಿಮ್ಮ ಹಿಂದೆ ವೇಗದ ಕಾರು ಇದೆ ಎಂದು ಮಾತ್ರ; ಅದು ಬೈಗುಳವಲ್ಲ. ನೀಲಿ ತೋರಿಸಿದ್ದಕ್ಕೆ ಮುನಿಸಿಕೊಂಡು ಮರುಲ್ಯಾಪ್‌ನಲ್ಲಿ ಇನ್ನಷ್ಟು ಒತ್ತಿ ಓಡಿಸುವವರನ್ನು ನೋಡಿದ್ದೇನೆ, ಅವರೇ ಸಾಮಾನ್ಯವಾಗಿ ಮಣ್ಣಿಗೆ ಇಳಿಯುವುದು. ಹಾಗೆ ಇಳಿದುಬಿಟ್ಟರೆ ಸ್ಟೇರಿಂಗನ್ನು ಎಳೆದು ತಕ್ಷಣ ಟಾರಿಗೆ ಹತ್ತಲು ಹೋಗಬೇಡಿ. ಒಂದು ಬದಿಯ ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕಿ ಕಾರು ಟ್ರ್ಯಾಕಿಗೆ ಅಡ್ಡಲಾಗಿ ಚಿಮ್ಮುತ್ತದೆ. ನೇರವಾಗಿ ಮಣ್ಣಿನಲ್ಲೇ ವೇಗ ಇಳಿಸಿ, ನಮ್ಮ ಸನ್ನೆ ನೋಡಿಕೊಂಡು ವಾಪಸ್ ಬನ್ನಿ. ಕಾರು ನಿಂತುಹೋದರೆ, ಬೆಂಕಿಯಿಲ್ಲದಿದ್ದಲ್ಲಿ, ಬೆಲ್ಟ್ ಹಾಕಿಕೊಂಡೇ ಒಳಗೆ ಕುಳಿತಿರಿ. ಇಳಿದು ಬಂಪರ್ ನೋಡಲು ಹೋಗಬೇಡಿ.

ಪಿಟ್‌ನಿಂದ ಹೊರಬರುವಾಗ ನೆಲದ ಮೇಲೆ ಬಿಳಿ ಗೆರೆ ಇರುತ್ತದೆ, ಅದು ಮುಗಿಯುವವರೆಗೆ ದಾಟಬಾರದು. ಕಪ್ಪು-ಬಿಳಿ ಚೌಕದ ಬಾವುಟ ಬಿದ್ದ ಮೇಲಿನ ಲ್ಯಾಪ್ ಬ್ರೇಕ್ ತಣಿಸಿಕೊಳ್ಳಲಿಕ್ಕಷ್ಟೇ. ಆಗ ನಮಗೊಮ್ಮೆ ಕೈಬೀಸಿದರೆ ಸಂತೋಷವಾಗುತ್ತದೆ.

ಬೆಣ್ಣೆನಗರಿ ಚಾಲಕ, ದಾವಣಗೆರೆ

ಇಷ್ಟು ವಿವರವಾಗಿ ತಿಳಿಸಿದ ಎಲ್ಲರಿಗೂ ಧನ್ಯವಾದಗಳು. ಅರ್ಜಿಯಲ್ಲಿ ಹೊಸಬರ ಗುಂಪನ್ನೇ ನಮೂದಿಸುತ್ತೇನೆ. ಇನ್ನೆರಡು ಅನುಮಾನಗಳಿವೆ. ಕಾರಿಗೆ ಪೂರ್ಣ ವಿಮೆ ಇದೆ, ಅದು ಅಲ್ಲಿ ನಡೆಯುತ್ತದೆಯೇ? ತಮ್ಮನೂ ಬರುತ್ತೇನೆ ಎನ್ನುತ್ತಿದ್ದಾನೆ, ಪಕ್ಕದಲ್ಲಿ ಕೂರಿಸಿಕೊಳ್ಳಬಹುದೇ?

ಕೋಟೆನಾಡು, ಚಿತ್ರದುರ್ಗ

ವಿಮೆಯನ್ನು ನಂಬಬೇಡಿ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್ ಮತ್ತು ವೇಗಪರೀಕ್ಷೆಗೆ ರಕ್ಷಣೆಯಿಲ್ಲ ಎಂಬ ಷರತ್ತು ಇರುತ್ತದೆ, ಪಾಲಿಸಿ ತೆಗೆದು ಬಳಕೆಯ ಮಿತಿ ಎಂಬ ಭಾಗವನ್ನು ಓದಿ. ತಗಡು ಬಗ್ಗಿದರೆ ಖರ್ಚು ನಿಮ್ಮದೇ ಎಂದು ತಿಳಿದುಕೊಂಡು ಓಡಿಸಿ.

ತಮ್ಮ ಬರಲಿ, ಆದರೆ ಪಕ್ಕದ ಸೀಟಿಗಲ್ಲ. ಆ ಸೀಟು ಬೋಧಕರಿಗೆ ಇರಲಿ. ಆಯೋಜಕರು ಒದಗಿಸಿದರೆ ಮೊದಲ ಸೆಷನ್‌ಗೇ ಕೇಳಿ ಪಡೆಯಿರಿ. ತಮ್ಮನ ನಿಜವಾದ ಉಪಯೋಗ ವಾಪಸ್ ಬರುವಾಗ. ದಾವಣಗೆರೆಯಿಂದ ಹೊರಟ ಹೆದ್ದಾರಿ 48ರ ಪಕ್ಕದಲ್ಲೇ ಆ ಟ್ರ್ಯಾಕ್ ಇದೆ, ಸುಮಾರು 550 ಕಿ.ಮೀ. ಇಡೀ ದಿನ ಟ್ರ್ಯಾಕಿನಲ್ಲಿ ಓಡಿಸಿದ ಮೇಲೆ ಗಂಟೆಗೆ ನೂರು ಕಿ.ಮೀ. ವೇಗವೂ ನಡಿಗೆಯಂತೆ ಅನ್ನಿಸುತ್ತದೆ, ಮೈ ಮಾತ್ರ ದಣಿದಿರುತ್ತದೆ. ಆ ರಾತ್ರಿ ಟ್ರ್ಯಾಕಿಗೆ ಹತ್ತಿರದ ಶ್ರೀಪೆರಂಬುದೂರಿನಲ್ಲೇ ಉಳಿದು ಮರುದಿನ ತಮ್ಮನಿಗೆ ಸ್ಟೇರಿಂಗ್ ಕೊಡಿ. ಕೊನೆಯ ಸೆಷನ್ ಬಿಟ್ಟರೂ ನಷ್ಟವಿಲ್ಲ. ಅದೇ ಬ್ರೇಕ್, ಅದೇ ಟೈರ್ ನಿಮ್ಮನ್ನು ಮನೆಗೂ ತಲುಪಿಸಬೇಕು.

ಹದಿಮೂರರ ಸ್ಪ್ಯಾನರ್, ದಾವಣಗೆರೆ

ಬ್ರೇಕ್ ಆಯಿಲ್ ಬದಲಾಯಿಸುವುದನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಒಂದು ವಾರ ಮೊದಲೇ ಮಾಡಿಸಿ, ಎಂದಿನಂತೆ ಓಡಿಸಿ, ಎಲ್ಲಿಯೂ ಜಿನುಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ವೀಲ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ (ಎಷ್ಟು ಬಲ ಹಾಕಿದ್ದೇವೆಂದು ಅಳೆಯುವ ಸ್ಪ್ಯಾನರ್‌ನಿಂದ) ಬಿಗಿ ಮಾಡಿಸಿ, ಆ ವ್ರೆಂಚನ್ನು ಯಾರಿಂದಲಾದರೂ ಎರವಲು ಪಡೆದು ಜೊತೆಗೆ ಒಯ್ಯಿರಿ. ಪ್ರತಿ ಸೆಷನ್ ನಂತರ ಒಮ್ಮೆ ನೋಡಬೇಕಾಗುತ್ತದೆ.