ಕೆಂಪು ಬಣ್ಣದ ಕೆಳಗೆ ಬಿಳಿ ಸಿಕ್ಕಿದೆ: 1968ರ ಆಲ್ಫಾ ಜೂನಿಯರನ್ನು ಮೊದಲಿನಂತೆ ಮಾಡುವುದು ಹೇಗೆ?

ಪ್ರಶ್ನೆ:
ನಮಸ್ಕಾರ ಸರ್. ನಾನು ಹಾಸನದವನು. ಕೆಲಸದ ಮೇಲೆ ಆರು ವರ್ಷದಿಂದ ಇಟಲಿಯ ಟೊರಿನೊದಲ್ಲಿದ್ದೇನೆ. ಹೋದ ತಿಂಗಳು 1968ರ ಆಲ್ಫಾ ರೋಮಿಯೊ ಜಿಟಿ 1300 ಜೂನಿಯರ್ ಕೊಂಡೆ. ಬಹಳ ದಿನದ ಆಸೆ. ಕಾರು ಕೆಂಪು. ಆದರೆ ಡಿಕ್ಕಿಯ ಹಾಸು ಎತ್ತಿದಾಗ ಮೂಲೆಯಲ್ಲಿ ಬಿಳಿ ಬಣ್ಣ ಕಾಣಿಸಿತು. ಎಂಜಿನ್ ಕೂಡ 1300 ಅಲ್ಲ, ಯಾರೋ 2000 ಎಂಜಿನ್ ಕೂರಿಸಿದ್ದಾರೆ. ಬಾಗಿಲ ಕೆಳಗೆ ಎರಡೂ ಕಡೆ ತುಕ್ಕು. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಮಾಡಬೇಕು ಅಂತ ಮನಸ್ಸು. ಎಲ್ಲಿಂದ ಶುರು ಮಾಡಲಿ? ಗೆಳೆಯರೆಲ್ಲ "ಆಲ್ಫಾ ಅಂದರೆ ಕೆಂಪೇ ಚೆಂದ, ಹಾಗೇ ಬಿಡು" ಅಂತಿದ್ದಾರೆ.

ಉತ್ತರ:
ನಮಸ್ಕಾರ. ಒಳ್ಳೆಯ ಕಾರು ಕೊಂಡಿದ್ದೀರಿ. ನಾನು ಈ ಕಡೆಯ ಹಳೇ ಕಾರುಗಳ ವರ್ಕ್‌ಶಾಪ್‌ನಲ್ಲೇ ಕೈ ಪಳಗಿಸಿಕೊಂಡವನು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲ ಮಾತು. ಇನ್ನೂ ಒಂದು ನಟ್ಟನ್ನೂ ಬಿಚ್ಚಬೇಡಿ. ಕಾರಿನ ಮುಂದೆ ಕೂತು ಫೋಟೊ ತೆಗೆಯಿರಿ. ಬಾನೆಟ್ ಒಳಗೆ, ಡ್ಯಾಶ್‌ಬೋರ್ಡ್ ಕೆಳಗೆ, ವೈರುಗಳು ಯಾವ ದಾರಿಯಲ್ಲಿ ಹೋಗಿವೆ, ಯಾವ ಕ್ಲಿಪ್ ಎಲ್ಲಿದೆ, ಎಲ್ಲವನ್ನೂ. ನೂರಲ್ಲ, ಸಾವಿರ ಫೋಟೊ ಆದರೂ ಜಾಸ್ತಿಯಲ್ಲ. ಬಿಚ್ಚಿದ ಮೇಲೆ ಈ ಕಾರಿನ ಬಗ್ಗೆ ಸಾಕ್ಷಿ ಹೇಳೋದು ಅವು ಮಾತ್ರ.

ಎರಡನೆಯದು ಕಾಗದ. ಆಲ್ಫಾ ರೋಮಿಯೊದ ದಾಖಲೆ ಕೇಂದ್ರ ಮಿಲಾನ್ ಹತ್ತಿರದ ಅರೇಸೆಯ ಮ್ಯೂಸಿಯಂನಲ್ಲಿದೆ. ಷಾಸಿ ನಂಬರ್ ಕೊಟ್ಟು ಕಂಪನಿಯಿಂದ ಮೂಲ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಕಾರು ಯಾವಾಗ ತಯಾರಾಯಿತು, ಬಣ್ಣ ಯಾವುದಿತ್ತು ಅನ್ನೋದು ಅದರಲ್ಲಿ ಬರುತ್ತದೆ. ನಿಮ್ಮ ಮಾದರಿಯ ಷಾಸಿ ಸಂಖ್ಯೆಯ ಮುಂದೆ 105.30 ಅಂತ ಇರಬೇಕು. ಮೂಲ ಎಂಜಿನ್ ಆಗಿದ್ದರೆ ಅದರ ಮೇಲೆ ಎಆರ್ 00530 ಅಂತ ಇರುತ್ತಿತ್ತು. ಷಾಸಿ ಮೇಲೆ, ಈಗಿರುವ ಎಂಜಿನ್ ಮೇಲೆ ಏನಿದೆ ಅಂತ ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ಕಾಗದ ಬಿಳಿ ಅಂದರೆ ಬಿಳಿಯೇ ಮಾಡಿ. ಆ ಕಾಲದ ಆಲ್ಫಾದಲ್ಲಿ 'ಬಿಯಾಂಕೊ ಸ್ಪಿನೊ' ಅನ್ನೋ ಬಿಳಿ ಇತ್ತು, ನೋಡಿದರೆ ಹಾಲಿನ ಕೆನೆ ನೆನಪಾಗುತ್ತದೆ. ಎಷ್ಟೋ ಆಲ್ಫಾಗಳಿಗೆ ಆಮೇಲೆ ಕೆಂಪು ಬಳಿದಿದ್ದಾರೆ. ಹಾಗಾಗಿ ನಿಜವಾದ ಬಿಳಿ ಜೂನಿಯರ್ ಕಂಡರೆ ನನಗೆ ತುಂಬಾ ಖುಷಿಯಾಗುತ್ತದೆ. ಬಣ್ಣದ ಮಾದರಿ ಬೇಕಾದರೆ ಬಿಸಿಲು ಬೀಳದ ಜಾಗ ಹುಡುಕಿ. ಬಾಗಿಲ ಒಳಗಿನ ಹಲಗೆಯ ಹಿಂದೆ, ಡ್ಯಾಶ್‌ಬೋರ್ಡ್ ಕೆಳಗೆ ಸಿಕ್ಕೇ ಸಿಗುತ್ತದೆ. ಅಂಥ ಒಂದು ಅಂಗೈಯಗಲ ಜಾಗವನ್ನು ಹಾಗೇ ಉಳಿಸಿ, ಅದರ ಮೇಲೆ ಹೊಸ ಬಣ್ಣ ಹೊಡೆಸಬೇಡಿ.

ಪ್ರಶ್ನೆ ಕೇಳಿದವರು:
ಷಾಸಿ ನಂಬರ್ ಸರಿ ಇದೆ ಸರ್, 105.30 ಅಂತಲೇ ಇದೆ. ತುಕ್ಕಿನ ಭಯವೇ ಜಾಸ್ತಿ. ಹತ್ತಿರದ ಅಂಗಡಿಯವರು ಎರಡೂ ಕಡೆ ಒಂದೇ ವಾರದಲ್ಲಿ ಕತ್ತರಿಸಿ ಹೊಸ ತಗಡು ಹಾಕಿಕೊಡುತ್ತೇವೆ ಅಂದರು.

ಉತ್ತರ:
ಅಲ್ಲಿ ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಅಂಬಾಸಿಡರ್‌ನಂತೆ ಇದಕ್ಕೂ ಪ್ರತ್ಯೇಕ ಷಾಸಿ ಫ್ರೇಮ್ ಇಲ್ಲ. ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಇದೆಯಲ್ಲ, ಅದು ಹೊರಗಿಂದ ಒಂದು ತಗಡಿನಂತೆ ಕಂಡರೂ ಒಳಗೆ ಮೂರು ಪದರ. ಕಾರಿನ ಬಲ ಬಹುಪಾಲು ಅಲ್ಲೇ. ಎರಡೂ ಕಡೆ ಒಟ್ಟಿಗೆ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಜಗ್ಗುತ್ತದೆ. ಆ ಜಗ್ಗಿದ ಸ್ಥಿತಿಯಲ್ಲೇ ಹೊಸ ತಗಡು ವೆಲ್ಡ್ ಆದರೆ ಮುಗಿಯಿತು, ಬಾಗಿಲು ಮತ್ತೆ ಸರಿಯಾಗಿ ಕೂರೋದಿಲ್ಲ.

ನಾನು ಕೆಲಸ ಕಲಿಯುವಾಗ ಒಂದು ಅಂಗಡಿಯಲ್ಲಿ ಹೀಗೇ ಆಯಿತು. ಬಾಗಿಲಿನ ಮೇಲ್ಭಾಗದ ಸಂದು ಕಿರಿದಾಯಿತು, ಕೆಳಗೆ ಅಗಲವಾಯಿತು. ವೆಲ್ಡ್ ಎಲ್ಲ ಬಿಡಿಸಿ ಮೊದಲಿಂದ ಮಾಡಬೇಕಾಯಿತು. ಆ ಕಾರಿನ ಯಜಮಾನರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಸರಿಯಾದ ದಾರಿ ಹೀಗೆ. ಬಾಗಿಲು ಕೂರಿಸಿದ್ದಾಗಲೇ ಸುತ್ತಲಿನ ಸಂದನ್ನು ನಾಲ್ಕೈದು ಕಡೆ ಅಳೆದು ಬರೆದಿಡಬೇಕು. ಆಮೇಲೆ ಬಾಗಿಲು ತೆಗೆದು, ಆ ತೆರೆದ ಜಾಗದ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಕಬ್ಬಿಣದ ಪೈಪು ಅಡ್ಡ ವೆಲ್ಡ್ ಮಾಡಬೇಕು. ಒಂದು ಕಡೆ ಮಾತ್ರ ಕತ್ತರಿಸಿ, ಒಳಪದರದಿಂದ ಹೊರಪದರಕ್ಕೆ ಕಟ್ಟುತ್ತಾ ಬರಬೇಕು. ನಡುನಡುವೆ ಪೈಪು ಬಿಡಿಸಿ ಬಾಗಿಲು ಕೂರಿಸಿ ನೋಡಬೇಕು. ಒಂದು ಕಡೆ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಕಡೆ. ಇದು ಒಂದು ವಾರದ ಕೆಲಸ ಅಲ್ಲವೇ ಅಲ್ಲ.

ಮನೆಯಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಚಕ್ರದ ಕಮಾನು, ಬಾಗಿಲ ಕೆಳಅಂಚು, ಮುಂದಿನ ಮೂಗಿನ ಕೆಳಗೆ ಮುಟ್ಟಿಸುತ್ತಾ ಹೋಗಿ. ಹಿಡಿಯದ ಕಡೆ ದಪ್ಪ ಪುಟ್ಟಿ ಇದೆ ಅಂತ ಅರ್ಥ. ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿ, ನೀರು ನಿಲ್ಲೋದು ಅಲ್ಲೇ.

ಒಂದು ವಿಷಯ ಮರೆಯಬೇಡಿ. ಬಾನೆಟ್‌ನ ಮುಂಅಂಚು ಮೂಗಿಗಿಂತ ಒಂದಿಷ್ಟು ಎತ್ತರದಲ್ಲಿ ನಿಂತಿರುತ್ತದೆ. ಇಟಲಿಯವರು 'ಸ್ಕಲೀನೊ' ಅನ್ನುತ್ತಾರೆ, ಅಂದರೆ ಚಿಕ್ಕ ಮೆಟ್ಟಿಲು. 1963ರಲ್ಲಿ ಬಂದ ಗುರುತು ಅದು, ಬೆರ್ತೋನೆ ಅನ್ನೋ ಕಾರು ವಿನ್ಯಾಸದ ಕಂಪನಿಯಲ್ಲಿದ್ದ ಯುವಕ ಜುಜಾರೊ ಮಾಡಿದ ವಿನ್ಯಾಸ. ಗೊತ್ತಿಲ್ಲದ ಟಿಂಕರಿಂಗ್‌ನವರು ಬಾನೆಟ್ ಸರಿ ಕೂತಿಲ್ಲ ಅಂತ ತಟ್ಟಿ ಸಮ ಮಾಡಿಬಿಟ್ಟಾರು! ಮೊದಲೇ ಹೇಳಿಡಿ.

ಪ್ರಶ್ನೆ ಕೇಳಿದವರು:
ಎಂಜಿನ್? 2000 ಓಡಿಸೋಕೆ ಮಜವಾಗಿದೆ ಅನ್ನೋದು ನಿಜ.

ಉತ್ತರ:
ಮಜವಾಗಿಯೇ ಇರುತ್ತದೆ, 1962 ಸಿಸಿ ಅಲ್ವಾ. ನಿಮ್ಮದು ಮೂಲದಲ್ಲಿ 1290 ಸಿಸಿ. ಆದರೆ ಆ ಚಿಕ್ಕ ಎಂಜಿನ್ ಕೂಗುತ್ತಾ ಏರುವ ರೀತಿಯೇ ಬೇರೆ. ನೀವು ಕೇಳಿದ್ದು ಮೊದಲಿನಂತೆ ಮಾಡೋದು. ಹಾಗಾದರೆ ಅದೇ ಕಾಲದ 00530 ಎಂಜಿನ್ ಹುಡುಕಿ. ಹಳೇ ಯಜಮಾನರನ್ನೂ ಕೇಳಿ, ಒಮ್ಮೊಮ್ಮೆ ಮೂಲ ಎಂಜಿನ್ ಯಾರದೋ ಗ್ಯಾರೇಜಿನ ಮೂಲೆಯಲ್ಲೇ ಇರುತ್ತದೆ. ಸಿಗದಿದ್ದರೆ ಅದೇ ಜಾತಿಯ ಬೇರೆ ಎಂಜಿನ್ ಹಾಕಿ, ಹಾಕಿದ್ದೇನೆ ಅಂತ ದಾಖಲೆಯಲ್ಲಿ ಬರೆಯಿರಿ. ಯಾರಾದರೂ ಹಳೇ ನಂಬರನ್ನು ಹೊಸದಾಗಿ ಕೊರೆದುಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಅದು ಮೋಸ.

ಎಂಜಿನ್ ಬಿಚ್ಚುವವರಿಗೆ ಎರಡು ಎಚ್ಚರಿಕೆ. ಇದರ ಬ್ಲಾಕ್ ಅಲ್ಯೂಮಿನಿಯಂ, ಒಳಗಿನ ಲೈನರ್‌ಗಳು, ಅಂದರೆ ಪಿಸ್ಟನ್ ಓಡಾಡುವ ಕೊಳವೆಗಳು, ಬೇರೆಯಾಗಿ ಕೂರಿಸಿದವು. ಹೆಡ್ ತೆಗೆದ ಮೇಲೆ ಲೈನರ್‌ಗಳನ್ನು ಬಿಗಿದು ಹಿಡಿಯದೆ ಕ್ರ್ಯಾಂಕ್ ತಿರುಗಿಸಿದರೆ ಅವು ಜಾಗ ಬಿಟ್ಟು ಮೇಲೇಳುತ್ತವೆ. ಇನ್ನೊಂದು, ಎಕ್ಸಾಸ್ಟ್ ವಾಲ್ವ್‌ಗಳ ಒಳಗೆ ಸೋಡಿಯಂ ತುಂಬಿರುತ್ತಾರೆ. ಹಳೇ ವಾಲ್ವನ್ನು ಕತ್ತರಿಸುವುದು, ಗುಜರಿಯಲ್ಲಿ ಸುಮ್ನೆ ಎಸೆಯುವುದು ಮಾಡಬೇಡಿ. ಸೋಡಿಯಂಗೆ ನೀರು ತಾಗಿದರೆ ಅಪಾಯ.

ತಣ್ಣಗಿರುವಾಗ ಎರಡನೇ ಗೇರಿಗೆ ಇಳಿಸಿದರೆ ಕಿರ್ರ್ ಅನ್ನುತ್ತದೆಯೇ? ಹೆದರಬೇಡಿ. ಈ ಗೇರ್‌ಬಾಕ್ಸ್‌ಗಳ ಎರಡನೇ ಗೇರಿನ ಸಿಂಕ್ರೊ, ಅಂದರೆ ಗೇರು ಸದ್ದಿಲ್ಲದೆ ಸೇರುವಂತೆ ಮಾಡುವ ಭಾಗ, ಬೇಗ ಸವೆಯುವುದು ಎಲ್ಲರಿಗೂ ಗೊತ್ತಿರೋ ವಿಷಯ.

ಬೆಂಗಳೂರಿನಿಂದ ಇನ್ನೊಬ್ಬರು:
ಸರ್, ನಮ್ಮ ತಾತನ ಫಿಯಟ್ 1100 ಮನೆಯಲ್ಲಿದೆ. ಸೀಟು ಹರಿದಿದೆ. ಹೊಸ ಲೆದರ್ ಹಾಕಿಸಿದರೆ ಚೆನ್ನಾಗಿರುತ್ತಾ?

ಉತ್ತರ:
ದಯವಿಟ್ಟು ಬೇಡ. ತಾತ ಕೂತಿದ್ದು ರೆಕ್ಸಿನ್ ಮೇಲೆ ಅಲ್ವಾ? ಹಿಂದಿನ ಸೀಟು ಸಾಮಾನ್ಯವಾಗಿ ಚೆನ್ನಾಗಿ ಉಳಿದಿರುತ್ತದೆ, ಅದನ್ನು ಮುಟ್ಟಬೇಡಿ. ಮುಂದಿನದಕ್ಕೆ ಅದೇ ಬಣ್ಣ, ಅದೇ ಗೆರೆಯ ರೆಕ್ಸಿನ್ ಹುಡುಕಿ, ಹರಿದ ಪಟ್ಟಿಯನ್ನಷ್ಟೇ ಬದಲಿಸಿ. ಹಳೇ ವಾಹನಗಳ ಜಾಗತಿಕ ಒಕ್ಕೂಟ 'ಫೀವಾ' ಒಪ್ಪಿಕೊಂಡಿರುವ ಟೊರಿನೊ ಸನ್ನದಿನಲ್ಲೂ ಇದೇ ಮಾತಿದೆ: ಉಳಿಸಲು ಆಗುವುದನ್ನು ಮೊದಲು ಉಳಿಸಿ. ಬಿಚ್ಚಿದ ಹಳೇ ಪಟ್ಟಿಯನ್ನೂ ಎಸೆಯಬೇಡಿ, ಒಂದು ಕವರಿನಲ್ಲಿ ಹಾಕಿ ಡಿಕ್ಕಿಯಲ್ಲಿಡಿ.

ಪ್ರಶ್ನೆ ಕೇಳಿದವರು:
ಸರ್, ಪ್ರಮಾಣಪತ್ರಕ್ಕೆ ಇವತ್ತೇ ಅರ್ಜಿ ಹಾಕಿದೆ. ಅಯಸ್ಕಾಂತ ಎಡಗಡೆಯ ಹಿಂದಿನ ಕಮಾನಿಗೆ ಹಿಡಿಯಲೇ ಇಲ್ಲ.

ಉತ್ತರ:
ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೊ ತೆಗೆದು ಕಳಿಸಿ. ಒಳಗಡೆಯಿಂದಲೂ ಒಂದು ಫೋಟೊ ಬೇಕು.